ಮೆಣಸಿನ ದಾರಿಯಲ್ಲಿ ಇಕ್ಕೇರಿ

ಗಾಂಧಿ ಬಜಾರಿನಲ್ಲಿ ಕಾಳುಮೆಣಸಿನ ದರ ಕೇಳಿ ‘ಅಬ್ಬಾ’ ಎನ್ನದ ಹೆಂಗಸು ನಮ್ಮ ಶಿವಮೊಗ್ಗದಲ್ಲಿ ಇರಲಾರಳು. ನಾನೂ ಅನ್ನುತ್ತೇನೆ. ಆದರೆ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟ ಅಭ್ಯಾಸ ನೋಡಿ, ಆ ಪೊಟ್ಟಣ ಚೀಲಕ್ಕೆ ಬೀಳುವಾಗಲೆಲ್ಲ ನನಗೆ ಹೊನ್ನಾವರದ ನೆನಪಾಗುತ್ತದೆ. ಈ ಕಾಳಿಗಾಗಿಯೇ ಅಲ್ಲವೇ ಪೋರ್ಚುಗೀಸರು ಅಲ್ಲಿ ಕೋಟೆ ಹಿಡಿದು ಕುಳಿತದ್ದು! ಬೆಳೆ ಘಟ್ಟದಲ್ಲಿ, ಹಡಗು ಕಡಲಲ್ಲಿ, ನಡುವೆ ಶರಾವತಿ.

1623ರಲ್ಲಿ ಈ ದಾರಿ ಹಿಡಿದು ಮೇಲೆ ಬಂದವನು ರೋಮಿನ ಪಿಯೆಟ್ರೊ ಡೆಲ್ಲಾ ವಲ್ಲೆ. 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿ, ಊರೂರು ಸುತ್ತಿ ಗೋವೆಗೆ ಬಂದಿದ್ದ. ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಅಷ್ಟರಲ್ಲಾಗಲೇ ಹಾಳುಬಿದ್ದು ಮರಗಿಡ ಬೆಳೆದಿತ್ತು. ಅವಳ ನಾಡನ್ನು ಗೆದ್ದುಕೊಂಡವರು ನಮ್ಮ ಇಕ್ಕೇರಿಯವರೇ. ಪಾಠದಲ್ಲಿ ಈ ಸಾಲು ಬಂದಾಗ ನನ್ನ ದನಿ ಸ್ವಲ್ಪ ಇಳಿಯುತ್ತದೆ.

ಘಟ್ಟ ಹತ್ತಿದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಅವನು ಕಂಡ. ನೆಲದ ಮೇಲೆ ನಯವಾದ ಮರಳು ಹರಡಿದ್ದರು. ಒಬ್ಬ ರಾಗವಾಗಿ ಹೇಳುತ್ತ ಬೆರಳಿನಿಂದ ಬರೆದರೆ, ಉಳಿದವರೂ ಹಾಡಿ ಬರೆಯುವರು. ಮೇಷ್ಟ್ರೇ ಇಲ್ಲ! ಮರೆತರೆ ಯಾರು ತಿದ್ದುತ್ತಾರೆ ಎಂದು ಕೇಳಿದರೆ, ನಾಲ್ವರೂ ಒಟ್ಟಿಗೆ ಮರೆಯುವುದುಂಟೇ ಎಂದರಂತೆ. ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದ ನಾನು ಇದನ್ನು ಓದಿ ಒಬ್ಬಳೇ ನಕ್ಕೆ.

ಮುಂದಿನದಕ್ಕೆ ನಗು ಬರಲಿಲ್ಲ. ಇಕ್ಕೇರಿಯಲ್ಲಿ ಅವನು ಸಹಗಮನಕ್ಕೆ ಸಿದ್ಧಳಾದ ಹೆಂಗಸೊಬ್ಬಳನ್ನು ಅವಳ ಮನೆಗೇ ಹೋಗಿ ಮಾತಾಡಿಸಿದ. ಅವನು ಬರೆದುಕೊಂಡ ಹೆಸರು ನಮ್ಮ ಬಾಯಲ್ಲಿ ಜಕ್ಕಮ್ಮ ಎಂದಿರಬೇಕು. ಗಂಡ ಡೋಲು ಬಾರಿಸುವವನು. ಚಿಕ್ಕ ಮಕ್ಕಳಿದ್ದಾರಲ್ಲ ಎಂದರೆ, ನೋಡಿಕೊಳ್ಳಲು ನನ್ನ ಬಂಧು ಇದ್ದಾನೆ, ಸವತಿಯರಿದ್ದಾರೆ ಎಂದಳು. ಬಲವಂತವೇ ಎಂದರೆ, ಇಲ್ಲ, ನನ್ನ ಇಷ್ಟ ಎಂದಳು. ಮನೆತುಂಬ ಜನ ನಿಂತು ಕೇಳುತ್ತಿರುವಾಗ ಬೇರೆ ಯಾವ ಉತ್ತರ ಕೊಡಬೇಕಿತ್ತು, ಹೇಳಿ?

ಕೇಳಿದವನ ಕಥೆಯೂ ಸಾಮಾನ್ಯದ್ದಲ್ಲ. ಬಾಗ್ದಾದಿನಲ್ಲಿ ಮೆಚ್ಚಿ ಮದುವೆಯಾದ ಹೆಂಡತಿ ಮಾನಿ 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳ ದೇಹಕ್ಕೆ ಕೆಡದಂತೆ ಮದ್ದು ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಹಿಂದೂಸ್ಥಾನಕ್ಕೂ ತಂದು, ಕೊನೆಗೆ ರೋಮಿಗೆ ಒಯ್ದು ಮಣ್ಣು ಮಾಡಿದ. ಹೆಂಡತಿ ಸತ್ತ ಗಂಡಸು ದೇಶ ಸುತ್ತಬಹುದು, ಪುಸ್ತಕ ಬರೆಯಬಹುದು. ರೋಮಿಗೆ ಮರಳಿ ಇನ್ನೊಂದು ಮದುವೆಯನ್ನೂ ಆದ.

ಒಂದು ವರ್ಷ ಮಕ್ಕಳನ್ನು ಇಕ್ಕೇರಿಗೆ ಕರೆದೊಯ್ದಿದ್ದೆ. ಸಾಗರದಿಂದ ಆರು ಕಿಲೋಮೀಟರು. ಅರಮನೆಯಿಲ್ಲ, ಪೇಟೆಯಿಲ್ಲ, ಅಘೋರೇಶ್ವರನ ಗುಡಿಯೊಂದು ಗಟ್ಟಿಯಾಗಿ ನಿಂತಿದೆ. ಒಳಗೆ ನೆಲದ ಮೇಲೆ ಸಾಷ್ಟಾಂಗ ಬಿದ್ದ ನಾಯಕರ ರೂಪಗಳನ್ನು ಮಕ್ಕಳು ತುಳಿಯದಂತೆ ದಾಟಿದರು. ಹೊರಗೆ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನುವಾಗ ಜಕ್ಕಮ್ಮನ ಕಥೆ ಹೇಳಿದೆ. ಎರಡು ಜಡೆಯ ಹುಡುಗಿಯೊಬ್ಬಳು ತುತ್ತು ಕೈಯಲ್ಲೇ ಹಿಡಿದು, “ಆ ಮಕ್ಕಳಿಗೆ ರಾತ್ರಿ ಯಾರು ಊಟ ಹಾಕಿದ್ರು ಮಿಸ್?” ಎಂದಳು.

ಬಸ್ಸಿಗೆ ಹೊತ್ತಾಯಿತು, ಬೇಗ ಕೈ ತೊಳೀರಿ ಎಂದೆ.