ಟಿಸಿಯಿಂದ ಟಿಇಟಿವರೆಗೆ: ಮೇಷ್ಟ್ರಿಗೆ ಗೊತ್ತಿರಬೇಕಾದ, ಪೋಷಕರೂ ಕೇಳಬಹುದಾದ ಶಾಲಾ ಕಾನೂನುಗಳು

ಜೂನ್ ಬಂತೆಂದರೆ ಬಿಇಒ ಕಚೇರಿಗಳ ಮುಂದೆ ಒಂದೇ ಥರದ ದೂರು: ‘ಟಿಸಿ ಕೊಡ್ತಿಲ್ಲ ಸಾರ್’. ಖಾಸಗಿ ಶಾಲೆಯಲ್ಲಿದ್ದ ಮಗುವನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಲು ಹೊರಟರೆ, ಅಲ್ಲಿಯವರು ಬಾಕಿ ಫೀಸು ಕಟ್ಟಿ ಅಂತಾರೆ, ಇಲ್ಲಿಯವರು ಟಿಸಿ ತನ್ನಿ ನೋಡೋಣ ಅಂತಾರೆ. ಅಷ್ಟೂ ದಿನ ಮಗು ಮನೆಯಲ್ಲೋ, ಅಪ್ಪನ ಅಂಗಡಿಯಲ್ಲೋ ಕೂತಿರುತ್ತದೆ.

ಈ ಜಗಳಕ್ಕೆ ಕಾನೂನಿನಲ್ಲಿ ಉತ್ತರ ಇದೆ, ಅದೂ ಗೊಂದಲವಿಲ್ಲದ ಉತ್ತರ. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೆಕ್ಷನ್ 5ರ ಪ್ರಕಾರ, ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಲು ಕೇಳಿದರೆ ಹಳೆಯ ಶಾಲೆಯ ಮುಖ್ಯ ಶಿಕ್ಷಕರು ತಕ್ಷಣ ಟಿಸಿ ಕೊಡಬೇಕು. ತಡ ಮಾಡಿದರೆ ಮುಖ್ಯ ಶಿಕ್ಷಕರ ಮೇಲೇ ಸೇವಾ ನಿಯಮದಡಿ ಶಿಸ್ತು ಕ್ರಮ. ಬಾಕಿ ಫೀಸಿದ್ದರೆ ಟಿಸಿ ತಡೆಹಿಡಿಯಬಹುದು ಎಂದು ಆ ಸೆಕ್ಷನ್‌ನಲ್ಲಿ ಎಲ್ಲೂ ಇಲ್ಲ. ಬಾಕಿ ವಸೂಲಿ ಪೋಷಕರ ಮತ್ತು ಆಡಳಿತ ಮಂಡಳಿಯ ನಡುವಿನ ಬೇರೆ ವ್ಯವಹಾರ, ಅದಕ್ಕೆ ಮಗುವನ್ನು ಒತ್ತೆ ಇಡುವ ಹಾಗಿಲ್ಲ.

ಇದೇ ಸೆಕ್ಷನ್‌ನ ಇನ್ನೊಂದು ಭಾಗ ಹೆಚ್ಚಿನವರಿಗೆ ಗೊತ್ತಿಲ್ಲ. ಟಿಸಿ ಬರುವುದು ತಡವಾಯಿತು ಅಂತ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಅಂದರೆ ಸರ್ಕಾರಿ ಶಾಲೆಯ ಹೆಡ್‌ಮೇಷ್ಟ್ರು ಮಗುವನ್ನು ಮೊದಲು ತರಗತಿಯಲ್ಲಿ ಕೂರಿಸಬೇಕು, ಕಾಗದಪತ್ರ ಆಮೇಲೆ. ಎಸ್‌ಎಟಿಎಸ್ ದಾಖಲೆ ಹಳೆಯ ಶಾಲೆಯಿಂದ ವರ್ಗವಾಗಿ ಬರುವುದು ಕಂಪ್ಯೂಟರಿನ ಕೆಲಸ. ಅದು ನಿಂತಿದೆ ಅಂತ ಮಗುವಿನ ಕಲಿಕೆಯನ್ನು ನಿಲ್ಲಿಸುವುದಕ್ಕೆ ಕಾನೂನಿನ ಬೆಂಬಲ ಇಲ್ಲ.

ಜನನ ಪ್ರಮಾಣಪತ್ರದ ವಿಷಯವೂ ಹೀಗೇ. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸಬಾರದು ಎನ್ನುತ್ತದೆ ಸೆಕ್ಷನ್ 14. ಆಧಾರ್ ಇಲ್ಲದಿದ್ದರೆ ಶಾಲಾ ಪ್ರವೇಶ ತಪ್ಪಿಸುವಂತಿಲ್ಲ ಎಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ ವಲಸೆ ಬಂದವರ ಮಕ್ಕಳ ವಿಷಯದಲ್ಲಿ ಇದು ಮುಖ್ಯ. ಹತ್ತು ವರ್ಷದ ಮಗು ಶಾಲೆಯನ್ನೇ ಕಂಡಿಲ್ಲ ಅಂದರೂ ಒಂದನೇ ಕ್ಲಾಸಿಗೆ ಹಾಕುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಜೊತೆಯವರ ಮಟ್ಟಕ್ಕೆ ತರಲು ವಿಶೇಷ ತರಬೇತಿ ಕೊಡಬೇಕು.

ಒಂದು ಗಡಿ ನೆನಪಿರಲಿ. ಆರ್‌ಟಿಇ ಅನ್ವಯವಾಗುವುದು 6ರಿಂದ 14 ವರ್ಷದ ಮಕ್ಕಳಿಗೆ, 1ರಿಂದ 8ನೇ ತರಗತಿವರೆಗೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ತಕರಾರುಗಳಿಗೆ ಈ ಕಾಯ್ದೆ ಹಿಡಿದುಕೊಂಡು ಹೋದರೆ ಉಪಯೋಗವಿಲ್ಲ. ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ದೊಡ್ಡ ಪೀಠಕ್ಕೆ ಒಪ್ಪಿಸಿದೆ.

ಅಂದ ಹಾಗೆ, ಶಿಕ್ಷಣ ‘ಹಕ್ಕು’ ಆದ ಕಥೆಯಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ತುಮಕೂರಿನ ಮೆಡಿಕಲ್ ಕಾಲೇಜೊಂದರ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಹೋದ ಮೋಹಿನಿ ಜೈನ್ ಪ್ರಕರಣದಲ್ಲೇ, 1992ರಲ್ಲಿ, ಶಿಕ್ಷಣ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಮೊದಲಿಗೆ ಹೇಳಿದ್ದು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಆರ್‌ಟಿಇ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು.

ಕೋಲು ಹಿಡಿಯುವ ಮುನ್ನ

‘ನಾಲ್ಕು ಬಾರಿಸಿ ಮೇಷ್ಟ್ರೇ, ನಾವೇನೂ ಅನ್ನಲ್ಲ’ ಎಂದು ಅಪ್ಪನೇ ಹೇಳಿ ಹೋಗುವ ಕಾಲ ಪೂರ್ತಿ ಮುಗಿದಿಲ್ಲ. ಆದರೆ ಪೋಷಕರ ಒಪ್ಪಿಗೆಗೆ ಇಲ್ಲಿ ಬೆಲೆ ಇಲ್ಲ. ಸೆಕ್ಷನ್ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿದೆ. ಉಲ್ಲಂಘಿಸಿದ ಶಿಕ್ಷಕರ ಮೇಲೆ ಇಲಾಖಾ ಕ್ರಮ. ಗಾಯವಾಗಿದ್ದರೆ ಪೊಲೀಸ್ ಕೇಸು ಬೇರೆ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 75 ಪ್ರಕಾರ ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗಿದವರಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು.

ಮಾನಸಿಕ ಕಿರುಕುಳ ಎಂಬ ಮಾತನ್ನು ಹಲವರು ಹಗುರವಾಗಿ ತಗೊಳ್ತಾರೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ನೋಡಿದರೆ ಬೆಂಚಿನ ಮೇಲೆ ನಿಲ್ಲಿಸುವುದು, ಮಂಡಿಯೂರಿಸುವುದು, ಕಿವಿ ಹಿಡಿದು ನಿಲ್ಲಿಸುವುದು, ಕೋಣೆಯಲ್ಲಿ ಕೂಡಿಹಾಕುವುದು ಎಲ್ಲವೂ ಶಿಕ್ಷೆಯ ಪಟ್ಟಿಯಲ್ಲಿವೆ. ಜಾತಿ, ಅಪ್ಪನ ಕಸುಬು, ಮೈಬಣ್ಣ ಎತ್ತಿ ಆಡುವ ಮಾತು ಕಿರುಕುಳವೇ. ‘ನಿಮ್ಮಪ್ಪ ಮಾಡೋ ಕೆಲಸಕ್ಕೇ ಹೋಗು’ ಅನ್ನುವುದು ಮೇಷ್ಟ್ರಿಗೆ ಸಿಟ್ಟಿನ ಮಾತು, ಮಗುವಿಗೆ ಶಾಲೆ ಬಿಡಲು ಅಷ್ಟೇ ಸಾಕು.

ಮಕ್ಕಳಿಂದ ಶೌಚಾಲಯ, ಗುಂಡಿ ಸ್ವಚ್ಛ ಮಾಡಿಸುವುದಂತೂ ಶಿಸ್ತು ಕ್ರಮದಲ್ಲಿ ಮುಗಿಯುವ ವಿಷಯವಲ್ಲ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸಂಗತಿ ಹೊರಬಂದಾಗ ಶಾಲೆಯವರು ಅಮಾನತಾಗಿದ್ದಷ್ಟೇ ಅಲ್ಲ, ಬಂಧನವೂ ಆಯಿತು.

ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ

ಶಿಕ್ಷಕರು ಬೇರೆ ಯಾವ ಕಾನೂನು ಮರೆತರೂ ಪೋಕ್ಸೊ ಮರೆಯುವಂತಿಲ್ಲ. 2012ರ ಈ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ, ಗಂಡಾಗಲಿ ಹೆಣ್ಣಾಗಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ, ಅಥವಾ ನಡೆಯಬಹುದು ಎಂಬ ಆತಂಕ ಇದ್ದರೂ, ಪೊಲೀಸರಿಗೆ ಇಲ್ಲವೇ ವಿಶೇಷ ಬಾಲಪರಾಧ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ಇದು ಸೆಕ್ಷನ್ 19. ತಿಳಿಸದಿದ್ದರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ತನ್ನ ಕೈಕೆಳಗಿನ ಸಿಬ್ಬಂದಿ ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ.

ಊರಲ್ಲಿ ನಡೆಯುವುದು ಹೇಗೆ ಅಂದರೆ, ಮಗು ಟೀಚರ್ ಹತ್ತಿರ ಹೇಳಿಕೊಳ್ಳುತ್ತದೆ. ಟೀಚರ್ ಹೆಡ್‌ಮೇಷ್ಟ್ರಿಗೆ ಹೇಳುತ್ತಾರೆ. ಅಲ್ಲಿಂದ ಎಸ್‌ಡಿಎಂಸಿ ಅಧ್ಯಕ್ಷರು, ಊರ ಹಿರಿಯರು, ರಾಜಿ ಮಾತು. ಶಾಲೆ ಮರ್ಯಾದೆ, ಹುಡುಗಿ ಭವಿಷ್ಯ ಅಂತ ಎಲ್ಲರೂ ಸೇರಿ ಮುಚ್ಚುತ್ತಾರೆ. ಮುಂದೆ ಕೇಸಾದಾಗ ಹೀಗೆ ಮುಚ್ಚಿದವರೂ ಕಟಕಟೆಗೆ ಬರಬೇಕಾಗುತ್ತದೆ. ಹೆಡ್‌ಮೇಷ್ಟ್ರಿಗೆ ತಿಳಿಸಿದ್ದೇನೆ ಅನ್ನುವುದರಿಂದ ಟೀಚರ್ ಹೊಣೆ ಮುಗಿಯುವುದಿಲ್ಲ, ಯಾಕಂದರೆ ಕಾಯ್ದೆ ಹೇಳುವುದು ಪೊಲೀಸರಿಗೆ ತಿಳಿಸಿ ಅಂತ. ದೂರು ನಿಜವೋ ಸುಳ್ಳೋ ಎಂದು ಶಾಲೆಯೇ ವಿಚಾರಣೆ ನಡೆಸಿ ತೀರ್ಮಾನಿಸುವ ಅಗತ್ಯವೂ ಇಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆ ಇದೆ. ಠಾಣೆಗೆ ಹೋಗಲು ಹಿಂಜರಿಕೆ ಇದ್ದರೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಮಗುವಿನ ಹೆಸರು, ಫೋಟೊ, ಶಾಲೆ, ಮನೆ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ‘ನ್ಯಾಯ ಸಿಗಲಿ’ ಅಂತ ಫೋಟೊ ಹಾಕುವವರಿಗೂ ಈ ಮಾತು.

ಪಾಸು, ಫೇಲು, ಪರೀಕ್ಷೆ

ಮೊದಲಿಗೆ ಆರ್‌ಟಿಇಯಲ್ಲಿ 8ನೇ ತರಗತಿವರೆಗೆ ಯಾರನ್ನೂ ಫೇಲ್ ಮಾಡುವಂತಿರಲಿಲ್ಲ. 2019ರ ತಿದ್ದುಪಡಿ ಬಂದ ಮೇಲೆ 5 ಮತ್ತು 8ನೇ ತರಗತಿಯಲ್ಲಿ ಪರೀಕ್ಷೆ ನಡೆಸಿ, ಪಾಸಾಗದವರಿಗೆ ಹೆಚ್ಚುವರಿ ಪಾಠ ಮಾಡಿ, ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕು. ಅದರಲ್ಲೂ ಫೇಲಾದರೆ ಅದೇ ತರಗತಿಯಲ್ಲಿ ಉಳಿಸಬಹುದೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ರಾಜ್ಯ ಸರ್ಕಾರದ್ದು, ಮೇಷ್ಟ್ರದ್ದಲ್ಲ. ಮಗುವನ್ನು ಶಾಲೆಯಿಂದ ಹೊರಹಾಕುವಂತೆ ಮಾತ್ರ ಯಾವ ಸಂದರ್ಭದಲ್ಲೂ ಇಲ್ಲ. ಎಂಟನೇ ತರಗತಿಯಲ್ಲಿ ದಡ್ಡ ಅನಿಸಿದ ಹುಡುಗನನ್ನು ‘ಎಸ್‌ಎಸ್‌ಎಲ್‌ಸಿ ರಿಸಲ್ಟ್ ಹಾಳಾಗುತ್ತೆ, ಬೇರೆ ಕಡೆ ಸೇರಿಸಿ’ ಎಂದು ನಯವಾಗಿ ಸಾಗಹಾಕುವ ಅಭ್ಯಾಸ ಕೆಲವು ಕಡೆ ಇದೆ. ಅದೂ ಹೊರಹಾಕಿದ ಹಾಗೇ.

ರಾಜ್ಯದಲ್ಲಿ ಈ ಪರೀಕ್ಷೆಗಳ ಹಣೆಬರಹ ಎಲ್ಲರಿಗೂ ನೆನಪಿರಬೇಕು. 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಗಳ ಬೋರ್ಡ್ ಮಾದರಿ ಪರೀಕ್ಷೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ಅನುಮತಿ ಕೊಟ್ಟಿತು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆ ಹಾಕಿತು. ಮಕ್ಕಳು ಬರೆದದ್ದಾಗಿತ್ತು, ಮೇಷ್ಟ್ರುಗಳು ಪೇಪರ್ ತಿದ್ದಿಯೂ ಆಗಿತ್ತು.

ಟ್ಯೂಷನ್, ಗಣತಿ, ಟಿಇಟಿ

ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ, ಸೆಕ್ಷನ್ 28. ಮನೆ ಮಹಡಿಯ ಮೇಲೆ ಸಂಜೆ ನಡೆದರೂ ಅಷ್ಟೇ, ಹೆಂಡತಿಯ ಹೆಸರಿನ ಬೋರ್ಡಿನ ಕೆಳಗೆ ತಾವೇ ಪಾಠ ಹೇಳಿದರೂ ಅಷ್ಟೇ.

ಇನ್ನು ಶಿಕ್ಷಕರ ಪರವಾಗಿರುವ ಸೆಕ್ಷನ್ 27 ಬಗ್ಗೆ ಅವರೇ ಕಡಿಮೆ ಮಾತಾಡುತ್ತಾರೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಬೋಧನೇತರ ಕೆಲಸಕ್ಕೆ ಅವರನ್ನು ನೇಮಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಈ ಪಟ್ಟಿಯಲ್ಲಿರುವ ಜನಗಣತಿ ಅಲ್ಲ. ಆದರೂ ಮನೆಮನೆ ತಿರುಗಿದ್ದು ಶಿಕ್ಷಕರೇ. ದಸರಾ ರಜೆಯಲ್ಲಿ ಶುರುವಾದ ಕೆಲಸ ಮುಗಿಯದೆ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ‘ಸರ್ಕಾರಿ ಶಾಲೆ ಮೇಷ್ಟ್ರು ಪಾಠ ಮಾಡಲ್ಲ’ ಅನ್ನುವವರು ಈ ಲೆಕ್ಕವನ್ನೂ ಹಿಡಿಯಬೇಕು.

ನೌಕರಿಯ ಪ್ರಶ್ನೆಯೇ ಆಗಿರುವುದು ಟಿಇಟಿ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, 1ರಿಂದ 8ನೇ ತರಗತಿಗೆ ಪಾಠ ಮಾಡುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲದಿದ್ದರೆ ಸೇವೆಯಿಂದ ಬಿಡುಗಡೆ. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವರು ಈಗ ಶಿಷ್ಯರ ಪಕ್ಕ ಕೂತು ಪರೀಕ್ಷೆ ಬರೆಯಬೇಕಾದ ಸ್ಥಿತಿ. ಬಿ.ಇಡಿ ಮಾಡಿದವರಿಗೆ ಇನ್ನೊಂದು ಸಂಗತಿ: 1ರಿಂದ 5ನೇ ತರಗತಿ ಬೋಧನೆಗೆ ಬಿ.ಇಡಿ ಅರ್ಹತೆಯಲ್ಲ, ಡಿ.ಇಡಿಯೇ (ಡಿ.ಎಲ್.ಇಡಿ) ಬೇಕು ಎಂದು 2023ರ ಆಗಸ್ಟ್‌ನಲ್ಲಿ ಅದೇ ಕೋರ್ಟ್ ಹೇಳಿದೆ.

‘ಹೊಸ ನೀತಿ ಬಂದಿದೆ, ಎಲ್ಲ ಬದಲಾಗುತ್ತೆ’ ಎಂಬ ಮಾತಿಗೆ ಗಾಬರಿ ಬೇಡ. ನೀತಿ ಬೇರೆ, ಕಾನೂನು ಬೇರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಾಗಲಿ, ಪ್ರೊ. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಗೆ ಕೊಟ್ಟ ರಾಜ್ಯ ಶಿಕ್ಷಣ ನೀತಿಯ ವರದಿಯಾಗಲಿ, ಸರ್ಕಾರದ ಆದೇಶವೋ ಕಾಯ್ದೆಯೋ ಆಗಿ ಬರುವ ತನಕ ಶಾಲೆಗೆ ಕಟ್ಟಳೆಯಲ್ಲ.

ಅಂಗಡಿಯವರಿಗೆ ಸಂಬಂಧಪಟ್ಟಿದ್ದು

ಶಾಲೆಯ ಕಾನೂನು ಗೇಟಿನ ಹೊರಗೂ ಬರುತ್ತದೆ. ಶಾಲೆಯಿಂದ ನೂರು ಗಜ, ಅಂದರೆ ಸುಮಾರು 91 ಮೀಟರ್ ಒಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವುದನ್ನು 2003ರ ಕೋಟ್ಪಾ ಕಾಯ್ದೆಯೇ ನಿಷೇಧಿಸಿದೆ. ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ಕರ್ನಾಟಕದಲ್ಲಿ 21 ವರ್ಷ ಆಗದವರಿಗೆ ತಂಬಾಕು ಮಾರುವ ಹಾಗಿಲ್ಲ. ‘ಅಪ್ಪ ತರೋಕೆ ಹೇಳಿದ್ರು’ ಅಂತ ಬರುವ ಹುಡುಗನಿಗೂ ಕೊಡುವಂತಿಲ್ಲ.

ಕೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳುವ ವಿಷಯ ಇನ್ನೂ ಗಟ್ಟಿ. 2016ರ ತಿದ್ದುಪಡಿಯ ನಂತರ 14 ವರ್ಷ ತುಂಬದ ಮಗುವನ್ನು ಯಾವ ಅಂಗಡಿ, ಹೋಟೆಲು, ಗ್ಯಾರೇಜಿನಲ್ಲೂ ಕೆಲಸಕ್ಕೆ ಇಡುವಂತಿಲ್ಲ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ 20,000ದಿಂದ 50,000 ರೂ. ದಂಡ, ಅಥವಾ ಎರಡೂ. ಸ್ವಂತ ಮಕ್ಕಳು ಮನೆಯವರ ವ್ಯಾಪಾರಕ್ಕೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು, ಅಪಾಯದ ಕೆಲಸ ಆಗಿರಬಾರದು. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಗಲ್ಲದ ಮೇಲೆ ಕೂತಿರುವ ಐದನೇ ಕ್ಲಾಸಿನ ಮಗನಿಗೆ ಈ ವಿನಾಯಿತಿ ಇಲ್ಲ.

ದೂರು ಎಲ್ಲಿಗೆ?

ಸರ್ಕಾರಿ ಶಾಲೆಯಾದರೆ ಮೊದಲು ಎಸ್‌ಡಿಎಂಸಿ. ಆರ್‌ಟಿಇ ಪ್ರಕಾರ ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಹಿ ಹಾಕಲಿಕ್ಕಷ್ಟೇ ಕರೆಯುವ ಸಭೆಯಾಗಿದ್ದರೆ ಸದಸ್ಯರೇ ಕೇಳಬೇಕು. ಅಲ್ಲಿ ಬಗೆಹರಿಯದಿದ್ದರೆ ಬಿಇಒ, ಆಮೇಲೆ ಡಿಡಿಪಿಐ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ, ಅರ್ಜಿ ಲಿಖಿತವಾಗಿರಲಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೆಕ್ಷನ್ 32ರಡಿ ಸ್ಥಳೀಯ ಪ್ರಾಧಿಕಾರ ಇಂಥ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಆ ಮೂರು ತಿಂಗಳು ಎಣಿಸುವುದಕ್ಕೆ ಆ ತಾರೀಕೇ ಆಧಾರ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.