ಗರಡಿಯ ಬೇರು, ಜಿಮ್ಮಿನ ಡಬ್ಬಿ

ಮುಂಬಯಿಯ ಸಯನ್ ಪೂರ್ವದ ಪ್ರತೀಕ್ಷಾ ನಗರದಲ್ಲಿ ಆಯುರ್ವಿದ್ಯಾ ಪ್ರಸಾರಕ ಮಂಡಳದ ಆಯುರ್ವೇದ ಮಹಾವಿದ್ಯಾಲಯವಿದೆ. ಸಯನ್‌ನಲ್ಲೇ ಇನ್ನೊಂದೆಡೆ ಲೋಕಮಾನ್ಯ ತಿಲಕ್ ಆಸ್ಪತ್ರೆ, ಅಂದರೆ ಎಲ್ಲರ ಬಾಯಲ್ಲಿ ಸಯನ್ ಆಸ್ಪತ್ರೆ. ಒಂದು ಕಡೆ ಅಶ್ವಗಂಧವೆಂದರೆ ಬಲ ಕೊಡುವ ಬೇರು, ಇನ್ನೊಂದು ಕಡೆ ಕಾರ್ಟಿಸಾಲ್ ಎಂದರೆ ರಕ್ತಪರೀಕ್ಷೆಯ ಚೀಟಿಯಲ್ಲಿನ ಒಂದು ಅಂಕಿ. ಎರಡೂ ಒಟ್ಟಿಗೆ ಸಿಗುವುದು ಜಿಮ್ಮುಗಳ ಕಟ್ಟೆಯ ಮೇಲಿರುವ ಪ್ಲಾಸ್ಟಿಕ್ ಡಬ್ಬಿಯ ಚೀಟಿಯಲ್ಲಿ: ಒತ್ತಡದ ಹಾರ್ಮೋನು ಇಳಿಯುತ್ತದೆ, ಸ್ನಾಯು ಬೆಳೆಯುತ್ತದೆ. ಈ ಎರಡು ಮಾತು ಒಂದೇ ಸಾಲಿಗೆ ಬರಲು ಎಂಟು ದಶಕ ಬೇಕಾಯಿತು. ಆ ಕಥೆಯ ಒಂದೆರಡು ಮುಖ್ಯ ಘಟ್ಟಗಳು ನಡೆದದ್ದು ಸಯನ್‌ನ ಆಚೀಚೆ, ಮುಂಬಯಿಯಲ್ಲೇ.

ಬೇರಿನ ಕಥೆ ಹಳೆಯದು. ಚರಕ ಸಂಹಿತೆ ಅಶ್ವಗಂಧವನ್ನು ಬಲ ಕೊಡುವ 'ಬಲ್ಯ' ಗುಂಪಿನಲ್ಲೂ ಮೈ ತುಂಬಿಸುವ 'ಬೃಂಹಣೀಯ' ಗುಂಪಿನಲ್ಲೂ ಸೇರಿಸಿದೆ. ಕನ್ನಡದಲ್ಲಿ ಇದು ಹಿರೇಮದ್ದು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಒಣಬೇರನ್ನು ಮುರಿದರೆ ಹೊರಗೆ ಮಣ್ಣಿನ ಬಣ್ಣ, ಒಳಗೆ ಹಿಟ್ಟಿನಂಥ ಬಿಳುಪು. ಮೂಗಿಗೆ ಹಿಡಿದರೆ ಕುದುರೆ ಲಾಯದ ವಾಸನೆ. ಅದನ್ನು ಪುಡಿ ಮಾಡಿ ಹಾಲಿನಲ್ಲಿ ಕುದಿಸಿ ಕುಡಿಯುವುದು ವಾಡಿಕೆ. ಬೆಂಗಳೂರಿನ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರಕ್ಕೆ ಬಾರ್‌ಬೆಲ್ ಜೋಡಿಸಿ, ಮುಂದೆ 'ರೂಪದರ್ಶಿ', 'ಶಾಂತಲಾ' ಬರೆದ ಕೆ.ವಿ. ಅಯ್ಯರ್ ಅವರ ಕಾಲದಲ್ಲಿ ಮೈ ಕಟ್ಟುವ ಮಾತೆಂದರೆ ಕಸರತ್ತು, ಊಟ, ನಿದ್ದೆ. ಹಾರ್ಮೋನಿನ ಮಾತು ಗರಡಿಯ ಹೊಸ್ತಿಲು ದಾಟಿರಲಿಲ್ಲ.

ಆ ಮಾತು ಹುಟ್ಟಿದ್ದು ಪ್ರಯೋಗಾಲಯದಲ್ಲಿ. 1936ರಲ್ಲಿ ಹ್ಯಾನ್ಸ್ ಸೆಲ್ಯೆ, ಇಲಿಗಳನ್ನು ಯಾವ ಬಗೆಯಲ್ಲಿ ಪೀಡಿಸಿದರೂ ಅವುಗಳ ದೇಹ ಒಂದೇ ರೀತಿ ಸ್ಪಂದಿಸುವುದನ್ನು ವರದಿ ಮಾಡಿದರು: ಅಡ್ರಿನಲ್ ಗ್ರಂಥಿ ಊದುತ್ತದೆ, ಥೈಮಸ್ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಅಡ್ರಿನಲ್‌ನ ಹಾರ್ಮೋನುಗಳನ್ನು ಬೇರ್ಪಡಿಸಿ ಅರಿತ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಅವರಿಗೆ 1950ರ ನೊಬೆಲ್ ಬಂತು. ಕಾರ್ಟಿಸಾಲ್ ಮಿತಿಮೀರಿದ ಕುಶಿಂಗ್ ರೋಗಿಗಳ ತೊಡೆ, ಭುಜ ಸೊರಗುವುದು ವೈದ್ಯರಿಗೆ ಗೊತ್ತಿತ್ತು. 'ಕಾರ್ಟಿಸಾಲ್ ಸ್ನಾಯು ತಿನ್ನುತ್ತದೆ' ಎಂಬ ಜಿಮ್ಮಿನ ನಂಬಿಕೆಯ ಬೇರು ಇಲ್ಲಿದೆ. ರೋಗಿಯಲ್ಲಿ ಕಂಡದ್ದನ್ನು ದಿನಕ್ಕೊಂದು ಗಂಟೆ ತೂಕ ಎತ್ತುವ ಆರೋಗ್ಯವಂತನಿಗೆ ಹಾಗೇ ಅಂಟಿಸಿದ್ದು ಮೊದಲ ಎಡವಟ್ಟು.

ಒತ್ತಡವನ್ನು ತಾಳುವ ಶಕ್ತಿ ಕೊಡುವ ವಸ್ತುಗಳಿಗೆ 1947ರಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ 'ಅಡಾಪ್ಟೋಜೆನ್' ಎಂದು ಹೆಸರಿಟ್ಟರು. ಮೈಗೆ ಚೈತನ್ಯ ಕೊಡುವ ಆಯುರ್ವೇದದ 'ರಸಾಯನ' ಔಷಧಗಳನ್ನು ಈ ಕಣ್ಣಿನಿಂದ ನೋಡಿದವರಲ್ಲಿ ಪರೇಲ್‌ನ ಕೆಇಎಂ ಆಸ್ಪತ್ರೆಯವರು ಮುಖ್ಯರು. ಶರದಿನಿ ಡಹಾಣೂಕರ್, ಊರ್ಮಿಳಾ ಥತ್ತೆ, ನಿರ್ಮಲಾ ರೇಗೆ ಸೇರಿ ಅಮೃತಬಳ್ಳಿ, ಶತಾವರಿ, ನೆಲ್ಲಿ, ಹಿಪ್ಪಲಿ, ಅಳಲೆ, ಅಶ್ವಗಂಧ ಈ ಆರನ್ನು ಇಲಿಗಳ ಮೇಲೆ ಪರೀಕ್ಷಿಸಿ, ಬೇರೆ ಬೇರೆ ಬಗೆಯ ಒತ್ತಡದಿಂದ ರಕ್ಷಣೆ ಸಿಗುತ್ತದೆಂದು 1999ರಲ್ಲಿ ಪ್ರಕಟಿಸಿದರು. ತೋಳು ದಪ್ಪವಾಗುವ ವಿಷಯ ಅದರಲ್ಲಿ ಇರಲಿಲ್ಲ.

ಅತ್ತ ಮುಲುಂಡ್‌ನಲ್ಲಿ ಇನ್ನೊಂದು ಬೇರಿನ ವಿಷಯದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ ಸಂಗತಿ. ಅಲ್ಲಿನ ಹೆಕ್ಸ್ಟ್ ಔಷಧ ಕಂಪನಿಯ ಸಂಶೋಧನಾ ಕೇಂದ್ರ 1970ರ ದಶಕದಲ್ಲಿ ಮಾಕಂದಿ ಬೇರಿನಿಂದ ಫೋರ್ಸ್ಕೋಲಿನ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅವರ ಗಮನ ಇದ್ದದ್ದು ಹೃದಯ, ರಕ್ತದೊತ್ತಡದ ಕಡೆಗೆ. 1981ರಲ್ಲಿ ಅಮೆರಿಕದ ಸೀಮನ್, ಡೇಲಿ ಮೊದಲಾದವರು ಇದು ಜೀವಕೋಶದ ಅಡೆನಿಲೇಟ್ ಸೈಕ್ಲೇಸ್ ಕಿಣ್ವವನ್ನು ನೇರವಾಗಿ ಚುರುಕುಗೊಳಿಸುತ್ತದೆಂದು ತೋರಿಸಿದರು. ಮುಂದೆ ಬೆಂಗಳೂರಿನ ಸಾಮಿ ಲ್ಯಾಬ್ಸ್ ಅದೇ ಬೇರಿನ ಸಾರವನ್ನು ತೂಕ ಇಳಿಸುವವರ ಮಾರುಕಟ್ಟೆಗೆ ಒಯ್ದಿತು. ಹೃದಯದ ಔಷಧಿಯಾಗಬೇಕೆಂದು ಹೊರಟದ್ದು ಜಿಮ್ಮಿನ ಕಪಾಟಿಗೆ ಬಂದು ಕೂತಿತು.

ಕ್ರೀಡಾ ವಿಜ್ಞಾನವೂ ತನ್ನ ಪಾಲು ಸೇರಿಸಿತು. 1986ರಲ್ಲಿ ಫಿನ್ಲೆಂಡಿನ ಆಡ್ಲರ್‌ಕ್ರೂಟ್ಸ್ ತಂಡ ಅತಿ ತರಬೇತಿಯನ್ನು ಗುರುತಿಸಲು ಟೆಸ್ಟೋಸ್ಟೆರಾನ್ ಮತ್ತು ಕಾರ್ಟಿಸಾಲ್‌ಗಳ ಅನುಪಾತವನ್ನು ಬಳಸಬಹುದೆಂದಿತು. ತರಬೇತುದಾರನ ಅಳತೆಗೋಲು ವ್ಯಾಪಾರಿಯ ಕೈಗೆ ಹೋಗಲು ತಡವಾಗಲಿಲ್ಲ. ಕಾರ್ಟಿಸಾಲ್ ಇಳಿಸಿ ಬೊಜ್ಜು ಕರಗಿಸುತ್ತೇವೆಂದು ಅಮೆರಿಕದಲ್ಲಿ ಮಾರುತ್ತಿದ್ದ ಕಾರ್ಟಿಸ್ಲಿಮ್ ಮಾತ್ರೆಯವರ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2004ರಲ್ಲಿ ಮೊಕದ್ದಮೆ ಹೂಡಿತು.

ಅಶ್ವಗಂಧಕ್ಕೆ ಮನುಷ್ಯರ ಮೇಲಿನ ಎರಡು ಮುಖ್ಯ ಪುರಾವೆ ಒದಗಿದ್ದು 2012ರಲ್ಲಿ. ಆ ವರ್ಷ ಚಂದ್ರಶೇಖರ್ ಮತ್ತು ಸಂಗಡಿಗರು ದೀರ್ಘಕಾಲದ ಒತ್ತಡದಲ್ಲಿದ್ದ 64 ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪು ದಿನಕ್ಕೆರಡು ಬಾರಿ 300 ಮಿ.ಗ್ರಾಂ ಬೇರಿನ ಸಾರ ತೆಗೆದುಕೊಂಡಿತು; 60 ದಿನಗಳಲ್ಲಿ ಅವರ ಕಾರ್ಟಿಸಾಲ್ ಸುಮಾರು ಶೇ 28ರಷ್ಟು ಇಳಿಯಿತು. ಅದೇ ವರ್ಷ ವಿಲೇಪಾರ್ಲೆಯ ಕಸ್ತೂರಬಾ ಹೆಲ್ತ್ ಸೊಸೈಟಿಯ ಸಂಶೋಧನಾ ಕೇಂದ್ರದ ಅಶ್ವಿನಿಕುಮಾರ್ ರಾವುತ್ ಮತ್ತಿತರರು 18 ಆರೋಗ್ಯವಂತರಿಗೆ ಪ್ರಮಾಣವನ್ನು ಮೆಲ್ಲಗೆ ಏರಿಸುತ್ತ, 750ರಿಂದ 1250 ಮಿ.ಗ್ರಾಂವರೆಗೆ, ಒಂದು ತಿಂಗಳು ಕೊಟ್ಟರು. ಸ್ನಾಯುಬಲ ಹೆಚ್ಚಿತು. ಒಬ್ಬರು ಮಾತ್ರ ಮೊದಲ ಪ್ರಮಾಣದಲ್ಲೇ ತಲೆಸುತ್ತು, ಭ್ರಮೆ ಬಂದು ಬಿಟ್ಟುಹೋದರು. ಡಬ್ಬಿಯ ಚೀಟಿಯಲ್ಲಿ ಆ ಒಬ್ಬರ ಸುದ್ದಿ ಇರುವುದಿಲ್ಲ.

2015ರಲ್ಲಿ ಬಂದ ವಾಂಖೆಡೆ, ಲಂಗಡೆ ಅವರ ಪ್ರಬಂಧವೇ ಇಂದಿನ ಜಾಹೀರಾತುಗಳ ಬೆನ್ನೆಲುಬು. ತೂಕ ಎತ್ತುವ ಅಭ್ಯಾಸ ಹೆಚ್ಚಿಲ್ಲದ 57 ಗಂಡಸರು, ಎಂಟು ವಾರ. ಸಾರ ತಿಂದವರ ಬೆಂಚ್ ಪ್ರೆಸ್ ಸರಾಸರಿ 46 ಕೆ.ಜಿ. ಏರಿತು, ಖಾಲಿ ಮಾತ್ರೆ ತಿಂದವರದು 26.4 ಕೆ.ಜಿ. ಎಂಟು ವಾರದಲ್ಲಿ 46 ಕೆ.ಜಿ. ಎಂದರೆ ಯಾವ ಉಸ್ತಾದನೂ ಹುಬ್ಬೇರಿಸುತ್ತಾನೆ. ಆದರೆ ಇಲ್ಲಿ ನೋಡಬೇಕಾದದ್ದು ಎರಡನೆಯ ಅಂಕಿ: ಏನೂ ಇಲ್ಲದ ಮಾತ್ರೆ ತಿಂದು ಬರೀ ಕಸರತ್ತು ಮಾಡಿದವನೇ 26 ಕೆ.ಜಿ. ಹೆಚ್ಚು ಎತ್ತಿದ. ಹೊಸಬನ ದೇಹ ಹಾಗೆ, ಮೊದಲ ಎರಡು ತಿಂಗಳು ಏನು ಮಾಡಿದರೂ ಏರುತ್ತದೆ. ವರ್ಷಗಟ್ಟಲೆ ಪಳಗಿದವನಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಇಂಥ ಪರೀಕ್ಷೆಗಳಲ್ಲಿ ಬಳಸಿದ ಸಾರ ಬಹುಮಟ್ಟಿಗೆ ಅದನ್ನು ಮಾರುವ ಕಂಪನಿಗಳಿಂದಲೇ ಬಂದದ್ದು ಎಂಬುದನ್ನೂ ಮರೆಯುವಂತಿಲ್ಲ.

ಬೇರಿನಲ್ಲಿ ಗುಣವಿಲ್ಲ ಎನ್ನಲಾಗದು; ಸಡಿಲವಾಗಿರುವುದು ಕಾರ್ಟಿಸಾಲ್ ಎಂಬ ಕೊಂಡಿ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೆಸ್ಟ್ ಮತ್ತು ಫಿಲಿಪ್ಸ್ 56 ಯುವಕರನ್ನು 12 ವಾರ ತರಬೇತಿಗೊಳಿಸಿ 2012ರಲ್ಲಿ ಬರೆದದ್ದು ಇದು: ಕಸರತ್ತಿನ ಬೆನ್ನಿಗೇ ಏರುವ ಟೆಸ್ಟೋಸ್ಟೆರಾನ್‌ಗೂ ಸ್ನಾಯು ಬೆಳವಣಿಗೆಗೂ ಸಂಬಂಧ ಕಾಣಲಿಲ್ಲ, ಕಾರ್ಟಿಸಾಲ್ ಹೆಚ್ಚು ಏರಿದವರಲ್ಲೇ ಬೆಳವಣಿಗೆ ತುಸು ಹೆಚ್ಚಿತ್ತು. ಕಾರ್ಟಿಸಾಲ್ ಬೆಳಗ್ಗೆ ಏರಿ ನಡುರಾತ್ರಿಗೆ ಇಳಿಯುವುದು ದೇಹದ ನಿತ್ಯಕ್ರಮ. ಅದಿಲ್ಲದೆ ಹಾಸಿಗೆಯಿಂದ ಏಳುವುದೂ ಕಷ್ಟ. ನಿದ್ದೆಗೆಟ್ಟು ಪಾಳಿ ಮಾಡಿ, ಲೋಕಲ್‌ನಲ್ಲಿ ನಿಂತು ಬಂದು ಜಿಮ್ಮಿಗೆ ಹೋಗುವವನಿಗೆ ಅಶ್ವಗಂಧದಿಂದ ನಿದ್ದೆ ಕುದುರಿ, ಅದರಿಂದ ಮೈ ಚೇತರಿಸಿಕೊಂಡರೆ ಅದು ನಂಬಬಹುದಾದ ಮಾತು. ಹಾರ್ಮೋನನ್ನು ಹೊಡೆದುರುಳಿಸಿ ತೋಳು ಉಬ್ಬಿಸುತ್ತದೆ ಎಂಬುದು ಮಾರಾಟದ ಮಾತು.

ಅಪಾಯದ ಲೆಕ್ಕ ತಡವಾಗಿ ಶುರುವಾಯಿತು. ಅಶ್ವಗಂಧ ಸೇವಿಸಿ ಕಾಮಾಲೆಯಾದವರ ವರದಿಗಳು 2020ರಲ್ಲಿ ಐಸ್ಲೆಂಡ್ ಮತ್ತು ಅಮೆರಿಕದಿಂದ, 2023ರಲ್ಲಿ ಭಾರತದಿಂದ ಬಂದವು. ಸಂಖ್ಯೆ ಸಣ್ಣದು, ಆದರೆ ಲಿವರ್ ಮೊದಲೇ ಕೆಟ್ಟಿದ್ದವರಲ್ಲಿ ಸಾವೂ ಆಗಿದೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ನಮ್ಮ ಆಯುಷ್ ಸಚಿವಾಲಯ ಬೇರನ್ನು ಬಿಟ್ಟು ಎಲೆ ಬಳಸಬೇಡಿರೆಂದು 2021ರಲ್ಲಿ ತಯಾರಕರಿಗೆ ಸೂಚಿಸಿತ್ತು. ಇನ್ನು ಡಬ್ಬಿಯ ಪ್ರಾಮಾಣಿಕತೆ: 2024ರಲ್ಲಿ ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 70ರಲ್ಲಿ ಪ್ರೋಟೀನ್ ಪ್ರಮಾಣದ ಮಾಹಿತಿ ತಪ್ಪಾಗಿತ್ತು.

ಥೈರಾಯ್ಡ್, ಸಕ್ಕರೆ ಕಾಯಿಲೆ, ನಿದ್ದೆಯ ಮಾತ್ರೆ ನುಂಗುವವರು, ಲಿವರ್ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದರ ತಂಟೆಗೆ ಹೋಗಬಾರದು. ಉಳಿದವರಿಗೆ ಬೇಕಿರುವುದು ಕಂಪನಿಯ ಹಂಗಿಲ್ಲದ, ಪಳಗಿದ ಕಸರತ್ತುಗಾರರ ಮೇಲಿನ, ಕನಿಷ್ಠ ಒಂದು ವರ್ಷದ ಪರೀಕ್ಷೆ. ಬೇರನ್ನು ಬಲ್ಲ ಕಾಲೇಜು, ರಕ್ತವನ್ನು ಅಳೆಯಬಲ್ಲ ಪಾಲಿಕೆ ಆಸ್ಪತ್ರೆ, ಬೆವರು ಸುರಿಸುವ ಹುಡುಗರು ಮೂರೂ ಸಯನ್‌ನಲ್ಲಿ ಕೂಗಳತೆಯಲ್ಲಿವೆ. ಅಂಥದೊಂದು ಪರೀಕ್ಷೆಯನ್ನು ಎರಡೂ ಸಂಸ್ಥೆಗಳು ಒಟ್ಟಿಗೆ ಕೈಗೆತ್ತಿಕೊಳ್ಳಲಿ.