ಸ್ತನ ಕ್ಯಾನ್ಸರ್ ಕೋಶಗಳ ಆಕ್ರಮಣ: ಅಧ್ಯಯನದ ಇತಿಹಾಸ

ಹಾಲಿನ ನಾಳದ ಒಳಪದರದಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಗಳು ನಾಳವನ್ನು ಸುತ್ತಿರುವ ಆಧಾರ ಪೊರೆಯನ್ನು ದಾಟಿ ನೆರೆಯ ಅಂಗಾಂಶಕ್ಕೆ ನುಗ್ಗುವುದನ್ನು ಆಕ್ರಮಣ ಎನ್ನುತ್ತಾರೆ. ಅಲ್ಲಿಂದ ರಕ್ತ ಇಲ್ಲವೇ ದುಗ್ಧರಸದ ಮೂಲಕ ಸಾಗಿ ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳಿನಲ್ಲಿ ಹೊಸ ಗಡ್ಡೆ ಕಟ್ಟುವುದು ಸ್ಥಾನಾಂತರ. ಹಲವು ಬರಹಗಳು ಇವೆರಡನ್ನೂ ಒಂದೇ ಕ್ರಿಯೆಯಂತೆ ವಿವರಿಸುತ್ತವೆ. ಹೆಚ್ಚು ನುಗ್ಗುವ ಕೋಶವೇ ಹೆಚ್ಚು ಹರಡುತ್ತದೆ ಎಂಬ ಗ್ರಹಿಕೆ ಬೇರೂರಿದ್ದು ಹಾಗೆ. 2015ರಿಂದೀಚಿನ ಪುರಾವೆಗಳು ಈ ಗ್ರಹಿಕೆಯನ್ನು ಅಲುಗಿಸಿವೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್, ರೋಗವು ಸ್ತನದಿಂದ ದುಗ್ಧಗ್ರಂಥಿಗಳಿಗೆ ಕ್ರಮವಾಗಿ ಹಬ್ಬುತ್ತದೆಂದು ನಂಬಿ, ಸ್ತನದೊಂದಿಗೆ ಎದೆಯ ಸ್ನಾಯುವನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು. ಲಂಡನ್ನಿನ ಸ್ಟೀಫನ್ ಪ್ಯಾಜೆಟ್ 1889ರಲ್ಲಿ 735 ಶವಪರೀಕ್ಷೆಗಳ ದಾಖಲೆಗಳಿಂದ, ಗಡ್ಡೆಗಳು ಕೆಲವೇ ಅಂಗಗಳನ್ನು ಆರಿಸಿಕೊಳ್ಳುತ್ತವೆಂದು ತೋರಿಸಿ ಅದನ್ನು ಬೀಜ–ನೆಲದ ಸಂಬಂಧವೆಂದರು. ಕೊಪ್ಪಳ ಜಿಲ್ಲೆಯ ಗಂಗಾವತಿಯ ಕಾಲುವೆ ಗದ್ದೆಯಲ್ಲಿ ತೆನೆಗಟ್ಟುವ ಭತ್ತ ಕುಷ್ಟಗಿಯ ಮಳೆಯಾಶ್ರಿತ ಹೊಲದಲ್ಲಿ ಏಳದಿರುವುದನ್ನು ಬಲ್ಲವರಿಗೆ ಅವರ ವಾದ ಕಷ್ಟದ್ದಲ್ಲ. 1971ರಿಂದ ಬರ್ನಾರ್ಡ್ ಫಿಶರ್ ನಡೆಸಿದ ಪ್ರಯೋಗಗಳು ಹಾಲ್‌ಸ್ಟೆಡ್ ಪದ್ಧತಿಯಿಂದ ಹೆಚ್ಚಿನ ಲಾಭವಿಲ್ಲವೆಂದು ಸಾಬೀತುಪಡಿಸಿದವು.

ವಿವಾದ ಇರುವುದು ಮುಂದಿನ ಘಟ್ಟದಲ್ಲಿ. ಒಂದನ್ನೊಂದು ಹಿಡಿದಿರುವ ಕೋಶಗಳು ಇ-ಕ್ಯಾಡರಿನ್ ಎಂಬ ಅಂಟು ಪ್ರೋಟೀನನ್ನು ಕಳೆದುಕೊಂಡು ಒಂಟಿಯಾಗಿ ಚಲಿಸುವ ರೂಪಾಂತರವೇ ಹರಡುವಿಕೆಗೆ ಮೂಲ ಎಂಬ ವಿವರಣೆ, 2004ರಲ್ಲಿ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯವು ಟ್ವಿಸ್ಟ್ ಜೀನಿನ ಪಾತ್ರವನ್ನು ತೋರಿಸಿದ ಮೇಲೆ ಬಲಗೊಂಡಿತು. ಆದರೆ 2015ರ ಇಲಿ ಪ್ರಯೋಗದಲ್ಲಿ ಶ್ವಾಸಕೋಶದ ಗಡ್ಡೆಗಳು ಬಹುಪಾಲು ಈ ರೂಪಾಂತರಕ್ಕೆ ಒಳಗಾಗದ ಕೋಶಗಳಿಂದಲೇ ಹುಟ್ಟಿದ್ದವು. ರೂಪಾಂತರಗೊಂಡವು ಔಷಧಿಗೆ ಬಗ್ಗದೆ ಉಳಿದವು. 2019ರಲ್ಲಿ ಆಂಡ್ರ್ಯೂ ಇವಾಲ್ಡ್ ತಂಡ ಇ-ಕ್ಯಾಡರಿನನ್ನು ತೆಗೆದುಹಾಕಿದಾಗ ಆಕ್ರಮಣ ಹೆಚ್ಚಿತು, ಸ್ಥಾನಾಂತರ ಮಾತ್ರ ತಗ್ಗಿತು: ನುಗ್ಗಿದ ಕೋಶಗಳು ದಾರಿಯಲ್ಲೇ ಸತ್ತಿದ್ದವು. ಹಾಗಾದರೆ ಒಗ್ಗಟ್ಟೇ ಹರಡುವಿಕೆಯ ಗುಟ್ಟೇ? ಇದಕ್ಕೆ ಬಲವಾದ ಆಕ್ಷೇಪವಿದೆ. ಲೋಬ್ಯುಲರ್ ಬಗೆಯ ಸ್ತನ ಕ್ಯಾನ್ಸರ್‌ನಲ್ಲಿ ಇ-ಕ್ಯಾಡರಿನ್ ಸಾಮಾನ್ಯವಾಗಿ ಇರುವುದೇ ಇಲ್ಲ; ಕೋಶಗಳು ಒಂದರ ಹಿಂದೊಂದು ಸಾಲಾಗಿ ಸಾಗುತ್ತವೆ, ದೂರದ ಅಂಗಗಳನ್ನೂ ತಲುಪುತ್ತವೆ. ಈ ಆಕ್ಷೇಪ ಹಳೆಯ ವಿವರಣೆಯನ್ನು ಮರಳಿ ಸ್ಥಾಪಿಸುವುದಿಲ್ಲ. ನುಗ್ಗುವ ಸಾಮರ್ಥ್ಯ, ಬದುಕುಳಿಯುವ ಸಾಮರ್ಥ್ಯ ಬೇರೆ ಬೇರೆ, ರೋಗದ ಬಗೆಗೆ ತಕ್ಕಂತೆ ಅವು ಬೇರೆ ದಾರಿಗಳಲ್ಲಿ ಕೂಡುತ್ತವೆ ಎಂಬುದನ್ನೇ ಅದು ಸೂಚಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಅನ್ನಪೂರ್ಣಿ ರಂಗರಾಜನ್ ತಂಡ ಆಸರೆ ತಪ್ಪಿದ ಕೋಶಗಳು ಸಾಯದೆ ಉಳಿಯಲು ಎಎಂಪಿಕೆ ಎಂಬ ಕಿಣ್ವ ನೆರವಾಗುವುದನ್ನು ತೋರಿಸಿತು; ಅದು ಟ್ವಿಸ್ಟನ್ನೂ ಪ್ರಚೋದಿಸುತ್ತದೆಂದು 2018ರಲ್ಲಿ ವರದಿ ಮಾಡಿತು. ರಾಮರಾಯ್ ಭಟ್ ತಂಡ 2019ರಲ್ಲಿ ಪ್ರಯೋಗ ಹಾಗೂ ಗಣಕ ಮಾದರಿಗಳೆರಡನ್ನೂ ಬಳಸಿ, ಕೋಶಗಳು ಗುಂಪಾಗಿ ನುಗ್ಗುವುದೋ ಒಂಟಿಯಾಗಿಯೋ ಎಂಬುದು ಸುತ್ತಲ ಜಾಲದೊಂದಿಗಿನ ಅಂಟು ಮತ್ತು ಆ ಜಾಲವನ್ನು ಕರಗಿಸುವ ಕಿಣ್ವಗಳ ಹರಡಿಕೆ, ಇವೆರಡರ ಹೊಂದಾಣಿಕೆಯನ್ನು ಅವಲಂಬಿಸಿದೆ ಎಂದಿತು. ಒಂದನ್ನೊಂದು ಹಿಡಿದಿರುವ, ಒಂಟಿಯಾಗಿ ಚಲಿಸುವ ಎರಡೂ ಗುಣ ಬೆರೆತ ನಡುವಿನ ಸ್ಥಿತಿಯನ್ನು ಮೋಹಿತ್ ಕುಮಾರ್ ಜಾಲಿ ಗಣಿತದ ಮೂಲಕ ಪರಿಶೀಲಿಸಿದ್ದಾರೆ. ಇವೆಲ್ಲ ಕೇವಲ ಪ್ರಯೋಗಾಲಯದ ಮಾತು ಎಂಬ ಟೀಕೆಯಲ್ಲಿ ಹುರುಳಿದೆ: ಭಟ್ ತಂಡ ಬಳಸಿದ ಎಂಡಿಎ-ಎಂಬಿ-231 ಕೋಶಸಂತತಿ 1970ರ ದಶಕದ ಅಮೆರಿಕದ್ದು. ಕಾರ್ಯವಿಧಾನವನ್ನು ಅರಿಯಲು ಅದು ಸಾಕು, ಇಲ್ಲಿನ ರೋಗಿಗಳ ಚಿತ್ರಕ್ಕೆ ಸಾಲದು.

ಆ ಚಿತ್ರಕ್ಕೆ ಜನಸಂಖ್ಯಾಧಾರಿತ ನೋಂದಣಿ ಬೇಕು. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸುತ್ತಿರುವ ನೋಂದಣಿ ಬೆಂಗಳೂರಿನದು. ಅದರ ಅಂಕಿಗಳನ್ನು ಕೊಪ್ಪಳ ಜಿಲ್ಲೆಗೆ ಹಾಗೆಯೇ ಅನ್ವಯಿಸುವುದು ತಪ್ಪು. ನೋಂದಣಿ ಎಷ್ಟು ಜನರಿಗೆ ರೋಗ ಬಂತೆಂದು ಹೇಳುತ್ತದೆ, ಕೋಶ ಹೇಗೆ ನುಗ್ಗಿತೆಂದಲ್ಲ. ಆ ಎರಡನೆಯ ಪ್ರಶ್ನೆಗೆ ಸುಳಿವು ಸಿಗುವುದು ರೋಗಶಾಸ್ತ್ರಜ್ಞರ ವರದಿಯಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಬರುವ ಬಯಾಪ್ಸಿ ಮತ್ತು ಶಸ್ತ್ರಚಿಕಿತ್ಸೆಯ ಮಾದರಿಗಳಲ್ಲಿ ಗಡ್ಡೆಯ ಬಗೆ, ರಕ್ತನಾಳ ಪ್ರವೇಶ, ದುಗ್ಧಗ್ರಂಥಿಯ ಸ್ಥಿತಿಗಳನ್ನು ಪ್ರತ್ಯೇಕವಾಗಿ ಬರೆದಿಟ್ಟರೆ, ಆಕ್ರಮಣ ಮತ್ತು ಸ್ಥಾನಾಂತರದ ನಡುವಿನ ಅಂತರವನ್ನು ಇಲಿಗಳಾಚೆಗೂ ಪರೀಕ್ಷಿಸಬಹುದು.